ಮನೆ ಕಂದಾಯ ಕಟ್ಟಿದರೆ ಶಾಲೆಗೇನು ಬರುತ್ತೆ?

ಆಂಧ್ರದ ಗಡಿಗಿರುವ ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಗ್ರಾಮಸಭೆಯಲ್ಲಿ ಹೋಗಿ ಕೂತರೆ ಈ ಪ್ರಶ್ನೆ ನಿಮಗೆ ತೆಲುಗಿನಲ್ಲಿ ಕೇಳಿಸೋ ಸಾಧ್ಯತೆಯೇ ಹೆಚ್ಚು: "ಇಂಟಿ ಪನ್ನು ಕಡಿತೇ ಬಡಿಕಿ ಏಮೊಸ್ತುಂದಿ?" ಇಂಟಿ ಪನ್ನು ಅಂದರೆ ಮನೆ ಕಂದಾಯ, ಬಡಿ ಅಂದರೆ ಶಾಲೆ. ಮಾತು ತೆಲುಗು, ನಡಾವಳಿ ಪುಸ್ತಕಕ್ಕೆ ಏರೋದು ಕನ್ನಡ. ಇಲ್ಲಿನವರಿಗೆ ಅದು ವಿಶೇಷವೇ ಅಲ್ಲ.

ಅಮೆರಿಕದಲ್ಲಿದ್ದು ಬಂದವರು ಈ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಹಿಡಿಯುತ್ತಾರೆ. ಅಲ್ಲಿ ಶಾಲೆಯ ಖರ್ಚಿನಲ್ಲಿ ದೊಡ್ಡ ಪಾಲು ಆ ಊರಿನ ಆಸ್ತಿ ತೆರಿಗೆಯಿಂದಲೇ ಬರುತ್ತೆ. ಹಾಗಾಗಿ "ಕಂದಾಯ ಸರಿಯಾಗಿ ವಸೂಲಿ ಮಾಡಿ, ಶಾಲೆ ತಾನಾಗೇ ಸುಧಾರಿಸುತ್ತೆ" ಅನ್ನೋದು ಅವರ ಲೆಕ್ಕ. ಇಲ್ಲಿ ಆ ಲೆಕ್ಕ ಕೂಡುವುದಿಲ್ಲ. ಮೇಷ್ಟ್ರ ಸಂಬಳ ರಾಜ್ಯ ಸರ್ಕಾರದ ಖಜಾನೆಯಿಂದ. ಬಿಸಿಯೂಟ, ಪಠ್ಯಪುಸ್ತಕ, ಸಮವಸ್ತ್ರ ಕೂಡ ರಾಜ್ಯ, ಕೇಂದ್ರದ ದುಡ್ಡಿನಿಂದ. ಪಂಚಾಯತಿ ನಯಾಪೈಸೆ ಕಂದಾಯ ಎತ್ತದಿದ್ದರೂ ಇವು ನಿಲ್ಲುವುದಿಲ್ಲ.

ಹಾಗಾದರೆ ಗ್ರಾಮಸಭೆಯಲ್ಲಿ ಕಂದಾಯ, ಶಾಲೆ ಅಂತ ಜಗಳ ಯಾಕೆ? ರಸೀದಿ ನೋಡಿ, ಗೊತ್ತಾಗುತ್ತೆ. ಮನೆಗೆ ₹1,000 ತೆರಿಗೆ ಅಂತಿಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಒಟ್ಟು ₹1,340 ಕಟ್ಟುತ್ತೀರಿ, ಅದರಲ್ಲಿ ₹100ರ ಎದುರು "ಶಿಕ್ಷಣ" ಅಂತ ಬರೆದಿರುತ್ತೆ. ಓದು ಬರುವ ಯಾರಾದರೂ ಕೇಳುವುದೇ: ಈ ನೂರು ರೂಪಾಯಿ ನಮ್ಮೂರ ಶಾಲೆಗೆ ಬಂತಾ? ಬರುವುದಿಲ್ಲ. ಅದು ಸರ್ಕಾರದ ಖಜಾನೆಯ ಲೆಕ್ಕಕ್ಕೆ ಜಮಾ ಆಗಬೇಕಾದ ದುಡ್ಡು, ಹೆಡ್‌ಮೇಷ್ಟ್ರ ಬ್ಯಾಂಕ್ ಖಾತೆಗೆ ಇಳಿಯುವಂಥದ್ದಲ್ಲ. ಇದನ್ನು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಗ್ರಾಮಸಭೆಯಲ್ಲಿ ಬಿಡಿಸಿ ಹೇಳಿದರೆ ಅರ್ಧ ಕೂಗಾಟ ಅಲ್ಲೇ ತಣ್ಣಗಾಗುತ್ತೆ. ಹೇಳದೆ "ಮೇಲಿಂದ ಆದೇಶ" ಅಂದುಬಿಟ್ಟರೆ ಮುಂದಿನ ವರ್ಷ ಬಿಲ್ ಕಲೆಕ್ಟರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ.

ನನ್ನ ಕೇಳಿದರೆ ಶಾಲೆಯನ್ನು ಕಂದಾಯಕ್ಕೆ ಕಟ್ಟಿಹಾಕದೆ ಇರುವುದೇ ಗಡಿ ಹಳ್ಳಿಗೆ ಒಳ್ಳೆಯದು. ಕೋಲಾರ ಜಿಲ್ಲೆಯನ್ನೇ ತಗೊಳ್ಳಿ. ನರಸಾಪುರ, ವೇಮಗಲ್ ಸುತ್ತ ಕಾರ್ಖಾನೆಗಳಿವೆ. ಆಂಧ್ರಕ್ಕೆ ಅಂಟಿಕೊಂಡಿರುವ ರಾಯಲ್ಪಾಡು ಕಡೆ ಇರುವುದು ಹೆಂಚಿನ ಮನೆ, ಆರ್‌ಸಿಸಿ ಮನೆ, ಮಾವಿನ ತೋಪು. ಕೃಷಿ ಜಮೀನಿಗೆ ಪಂಚಾಯತಿ ಕಂದಾಯ ಬೀಳುವುದಿಲ್ಲ. ಆಸ್ತಿ ತೆರಿಗೆಯಿಂದಲೇ ಶಾಲೆ ನಡೆಸಿ ಅಂದರೆ ನರಸಾಪುರದಲ್ಲಿ ತರಗತಿಗೊಬ್ಬರು ಮೇಷ್ಟ್ರು, ರಾಯಲ್ಪಾಡು ಕಡೆ ಶಾಲೆಗೇ ಒಬ್ಬರು.

ಕಂದಾಯಕ್ಕೂ ಶಾಲೆಗೂ ಸಂಬಂಧವೇ ಇಲ್ಲ ಅಂತಲೂ ಅಲ್ಲ. ನೀರು, ನೈರ್ಮಲ್ಯ, ಕಾಂಪೌಂಡ್, ಶಾಲೆಯ ಜಾಗ, ಇವು ಪಂಚಾಯತಿ ಕೈಯಲ್ಲಿವೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿಟ್ಟಿದ್ದರು, ಶಾಲೆಯ ಶೌಚಾಲಯ ಅದರಡಿ ಬರುತ್ತಿತ್ತು. ಕಾಂಪೌಂಡ್, ಆಟದ ಮೈದಾನ, ಅಡುಗೆ ಕೋಣೆ ಹೆಚ್ಚಾಗಿ ಆದದ್ದು ನರೇಗಾದಲ್ಲಿ. ಪಂಚಾಯತಿಯ ಸ್ವಂತ ದುಡ್ಡು, ಅಂದರೆ ನಿಮ್ಮ ಕಂದಾಯ, ಮೊದಲು ಹೋಗುವುದು ವಾಟರ್‌ಮ್ಯಾನ್ ಸಂಬಳಕ್ಕೆ, ಸುಟ್ಟ ಮೋಟಾರ್ ರಿವೈಂಡಿಂಗಿಗೆ. ಶೇ 25 ಪರಿಶಿಷ್ಟ ಜಾತಿ, ಪಂಗಡದವರ ಕೆಲಸಕ್ಕೆ ಮೀಸಲು. ಸಾವಿರ ಅಡಿ ಕೊರೆದ ಬೋರ್‌ವೆಲ್ಲುಗಳ ಸೀಮೆಯಲ್ಲಿ ಬೇಸಿಗೆಗೆ ಎರಡು ಮೋಟಾರ್ ಮೇಲೆ ತೆಗೆಸಿದರೆ ಕಂದಾಯದ ದುಡ್ಡು ಅಲ್ಲಿಗೇ ಸರಿ. ಆದರೆ ಶಾಲೆಯ ಸಿಂಟೆಕ್ಸಿಗೆ ನೀರು ಏರುವುದೂ ಅದೇ ಮೋಟಾರಿನಿಂದಲೇ ಅನ್ನೋದನ್ನ ಕಂದಾಯ ಕಟ್ಟಬೇಡಿ ಅನ್ನೋರು ಮರೆಯುತ್ತಾರೆ.

ಶಾಲೆಯ ಕೈಗೇ ಬರುವ ಹಣ ಅಂದರೆ ಕೇಂದ್ರ, ರಾಜ್ಯ ಸೇರಿ ನಡೆಸುವ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ. ಅದು ಮಕ್ಕಳ ತಲೆ ಎಣಿಸಿ ಕೊಡುವಂಥದ್ದು: 30 ಮಕ್ಕಳವರೆಗೆ ₹10,000, 31ರಿಂದ 100ಕ್ಕೆ ₹25,000, 250ರವರೆಗೆ ₹50,000, ಸಾವಿರದವರೆಗೆ ₹75,000. ಅದರಲ್ಲೂ ಕನಿಷ್ಠ ಶೇ 10 ಸ್ವಚ್ಛತೆಗೆ. ಗಡಿಯ ಕಷ್ಟ ಇರುವುದು ಇಲ್ಲೇ. ಊರಲ್ಲಿ 32 ಮಕ್ಕಳಿದ್ದಾರೆ ಅನ್ನಿ. ಅಣ್ಣತಮ್ಮಂದಿರ ಎರಡು ಮನೆಯವರು ತಮ್ಮ ಮಕ್ಕಳನ್ನು ಆಂಧ್ರದ ಹಿಂದೂಪುರದ ಕಡೆಗೋ ಕಾನ್ವೆಂಟ್ ವ್ಯಾನಿಗೋ ಹತ್ತಿಸಿದರು. ಉಳಿದವರು 29 ಆದರೆ ಅನುದಾನ ಒಂದೇ ಏಟಿಗೆ ₹15,000 ಕುಸಿಯುತ್ತೆ. ಸೀಮೆಸುಣ್ಣ, ರಿಜಿಸ್ಟರ್, ಫಿನಾಯಿಲ್, ಮುರಿದ ಕಿಟಕಿ ಎಲ್ಲಕ್ಕೂ ವರ್ಷವಿಡೀ ಹತ್ತೇ ಸಾವಿರ. ದುಡ್ಡು ತಡವಾಗಿ ಬಂದು ಮಾರ್ಚ್ ಒಳಗೆ ಖರ್ಚಾಗದಿದ್ದರೆ ಅದೂ ವಾಪಸು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ ಘೋಷಿಸಿದ್ದು ಇಂಥ ಶಾಲೆಗಳಿಗೇ ಹೆಚ್ಚು ಉಪಕಾರ.

ಆಚೆ ಕಡೆ ನೋಡಿ ಹೊಟ್ಟೆ ಉರಿಯುವುದೂ ಉಂಟು. ಆಂಧ್ರದಲ್ಲಿ "ತಲ್ಲಿಕಿ ವಂದನಂ" ಅಂತ ಮಗುವಿಗೆ ₹15,000 ಇಟ್ಟಿದ್ದಾರೆ. ₹13,000 ತಾಯಿಯ ಖಾತೆಗೆ, ₹2,000 ಶಾಲೆ, ಶೌಚಾಲಯದ ನಿರ್ವಹಣೆಗೆ. ಆದರೆ ಅದು ಆಂಧ್ರದ ನಿವಾಸಿಗಳಿಗೆ. ಮಗುವನ್ನು ಅತ್ತೆ ಮನೆಯಲ್ಲಿಟ್ಟು ಅಲ್ಲಿ ಓದಿಸಿದ ಮಾತ್ರಕ್ಕೆ ಇಲ್ಲಿನ ರೇಷನ್ ಕಾರ್ಡಿನವರಿಗೆ ಸಿಗುವುದಿಲ್ಲ. ಅಷ್ಟು ಹೊತ್ತಿಗೆ ಇಲ್ಲಿನ ಶಾಲೆಯ ಹಾಜರಿಯಿಂದ ಆ ಹೆಸರು ಹೋಗಿರುತ್ತೆ.

ಹೊಸದಾಗಿ ಬಂದು ನೆಲೆಸಿದವರು ಕೈಹಾಕಬಹುದಾದ ಜಾಗ ಹೇಳ್ತೀನಿ. ಕಂದಾಯ ಏರಿಸಿದ್ದಕ್ಕೆ ಆಕ್ಷೇಪಣೆ ಇದ್ದರೆ ಬಾಯಲ್ಲಿ ಹೇಳಬೇಡಿ. ಆಸ್ತಿ ಸಂಖ್ಯೆ ಹಾಕಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಪಂಚಾಯತಿಯ ಬೇಡಿಕೆ-ವಸೂಲಿ-ಬಾಕಿ ಪಟ್ಟಿ ಕೇಳಿ ನೋಡಿ. ಹಳೆ ಬಾಕಿ ಯಾರದು ಅನ್ನೋದು ಅಲ್ಲಿರುತ್ತೆ, ಕೆಲವು ಸಲ ಸಭೆಯಲ್ಲಿ ಜೋರು ಮಾಡುವವರ ಹೆಸರೇ ಇರುತ್ತೆ. ಶಾಲೆಯ ಬೇಡಿಕೆಯನ್ನು ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಿರ್ಣಯ ಮಾಡಿಸಿ. ಆಮೇಲೆ ವಾರ್ಡ್‌ಸಭೆ, ಗ್ರಾಮಸಭೆ, ಕೊನೆಗೆ ಪಂಚಾಯತಿಯ ಕ್ರಿಯಾಯೋಜನೆ. ಕ್ರಿಯಾಯೋಜನೆ ಮುಗಿದ ಮೇಲೆ ಜೂನ್‌ನಲ್ಲಿ ಬಂದು ಶೌಚಾಲಯ ಕೇಳಿದರೆ ಮುಂದಿನ ವರ್ಷಕ್ಕೇ. ನವೆಂಬರ್ ಹೊತ್ತಿಗೆ ಆಗುವ ಮಕ್ಕಳ ಗ್ರಾಮಸಭೆಯನ್ನ ಹಗುರವಾಗಿ ಕಾಣಬೇಡಿ. "ನಲ್ಲಿ ಇದೆ, ನೀರಿಲ್ಲ" ಅಂತ ಐದನೇ ಕ್ಲಾಸಿನ ಹುಡುಗಿ ಎದ್ದು ನಿಂತು ಹೇಳಿದ್ದು ನಡಾವಳಿಯಲ್ಲಿ ದಾಖಲಾದರೆ ಅಧ್ಯಕ್ಷರು ಜಾರಿಕೊಳ್ಳೋದು ಕಷ್ಟ.

ಎಲ್ಲಕ್ಕಿಂತ ಹೆಚ್ಚು ಕೆಲಸ ಕೆಡುವುದು ಶಾಲೆಯ ಜಾಗದ ಖಾತೆಯಲ್ಲಿ, ಅಂದರೆ ಜಾಗ ಯಾರ ಹೆಸರಲ್ಲಿದೆ ಅನ್ನೋ ದಾಖಲೆಯಲ್ಲಿ. ಎಷ್ಟೋ ಹಳ್ಳಿ ಶಾಲೆಗಳ ಜಾಗ ಯಾರೋ ಹಿರಿಯರು ಬಾಯಿಮಾತಲ್ಲಿ ಬಿಟ್ಟುಕೊಟ್ಟದ್ದು. ಪಹಣಿಯಲ್ಲಿ ಇನ್ನೂ ಅವರದೇ ಹೆಸರು. ಕೊಠಡಿ ಮಂಜೂರಾಗಿ ಬಂದಾಗ ಮೊಮ್ಮಕ್ಕಳು ತಕರಾರು ತೆಗೆಯುತ್ತಾರೆ, ಹಣ ಬೇರೆ ಊರಿಗೆ ಹೋಗುತ್ತೆ. ಜಾಗ ಗ್ರಾಮಠಾಣಾದಲ್ಲಿ, ಅಂದರೆ ಊರಿನ ವಾಸದ ಜಾಗದೊಳಗೆ, ಇದ್ದರೆ ಸುಲಭ: ಎಸ್‌ಡಿಎಂಸಿ ನಿರ್ಣಯ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಪತ್ರ, ಅಳತೆಯ ನಕ್ಷೆ ಇಟ್ಟು ಪಿಡಿಒಗೆ ಅರ್ಜಿ ಕೊಟ್ಟು ಇ-ಸ್ವತ್ತು, ಅಂದರೆ ಪಂಚಾಯತಿಯ ಕಂಪ್ಯೂಟರ್ ಖಾತೆ, ಮಾಡಿಸಬಹುದು. ಖಾಸಗಿ ಸರ್ವೆ ನಂಬರಿನಲ್ಲಿದ್ದರೆ ಮೊದಲು ಉಪನೋಂದಣಿ ಕಚೇರಿಯಲ್ಲಿ ದಾನಪತ್ರ ಆಗಬೇಕು. ಅದರಲ್ಲಿ ಪಡೆಯುವವರ ಜಾಗದಲ್ಲಿ ಆಗಿನ ಹೆಡ್‌ಮೇಷ್ಟ್ರ ಸ್ವಂತ ಹೆಸರು ಸೇರದಂತೆ ನೋಡಿಕೊಳ್ಳಿ. ಅವರು ವರ್ಗವಾಗಿ ಹೋದ ಮೇಲೆ ಆ ಒಂದು ಸಾಲು ತಿದ್ದಿಸೋಕೆ ತಿಂಗಳುಗಟ್ಟಲೆ ತಾಲ್ಲೂಕು ಕಚೇರಿ ಸುತ್ತಬೇಕಾಗುತ್ತೆ.