ಅವ್ವನ ತೂಕ, ಅವ್ವನ ನೆನಪು

ವಿರಾಜಪೇಟೆ ಸಮೀಪದ ಓದುಗ ಮಹಿಳೆಯೊಬ್ಬರು ಬರೆದಿದ್ದಾರೆ: ‘76 ವರ್ಷದ ನಮ್ಮ ಅವ್ವನಿಗೆ ಅಲ್ಝೈಮರ್ ಕಾಯಿಲೆಯೆಂದು ವೈದ್ಯರು ಹೇಳಿ ಎಂಟು ತಿಂಗಳಾಯಿತು. ಅದಕ್ಕೂ ಮೂರು ವರ್ಷ ಮೊದಲಿನಿಂದಲೇ ಅವರು ಇಳಿದುಹೋಗುತ್ತಿದ್ದರು. ಮೊನ್ನೆ ಕಣದಲ್ಲಿ ಕಾಫಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದೆವು, 46 ಕೆ.ಜಿ., ಒಂದು ಚೆರಿ ಮೂಟೆಯಷ್ಟೂ ಇಲ್ಲ. ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ಮಿದುಳನ್ನು ಕಾಯುತ್ತದೆಂದು ಓದಿದೆ. ತುಪ್ಪ, ಪಂದಿಕರಿ ಹೆಚ್ಚು ಕೊಟ್ಟು ಮೈ ತುಂಬಿಸಿದರೆ ನೆನಪು ನಿಂತೀತೇ? ಲೆಪ್ಟಿನ್ ಮಾತ್ರೆ ತರಿಸಲೇ? ನನಗೆ 51 ವರ್ಷ, ಸೊಂಟ 92 ಸೆಂ.ಮೀ. ಇದೆ.’

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಮಾತ್ರೆಯ ವಿಷಯ: ದಯವಿಟ್ಟು ತರಿಸಬೇಡಿ. ಲೆಪ್ಟಿನ್ ಒಂದು ಪ್ರೋಟೀನು. ನುಂಗಿದರೆ ಬೇಳೆ, ಮೊಟ್ಟೆಯ ಪ್ರೋಟೀನಿನಂತೆಯೇ ಹೊಟ್ಟೆಯಲ್ಲಿ ಜೀರ್ಣವಾಗಿಹೋಗುತ್ತದೆ.

ನೀವು ಓದಿದ್ದು ಸುಳ್ಳಲ್ಲ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ನಿನ ಜೀನನ್ನು ಗುರುತಿಸಿತು. ದೇಹದಲ್ಲಿ ಕೊಬ್ಬಿನ ದಾಸ್ತಾನು ಎಷ್ಟಿದೆಯೆಂದು ಮಿದುಳಿಗೆ ತಿಳಿಸಿ ಹಸಿವನ್ನು ಹತೋಟಿಯಲ್ಲಿಡುವುದು ಇದರ ಕೆಲಸವೆಂದು ಮೊದಲು ತಿಳಿಯಿತು; ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಭಾಗದ ಜೀವಕೋಶಗಳೂ ಇದಕ್ಕೆ ಸ್ಪಂದಿಸುತ್ತವೆಂದು ಆಮೇಲೆ ಗೊತ್ತಾಯಿತು. ಅಲ್ಝೈಮರ್ ಇರುವವರ ಮಿದುಳಿನಲ್ಲಿ ಗಂಟುಗಟ್ಟುವ ಅಮಿಲಾಯ್ಡ್ ಮತ್ತು ಟೌ ಪ್ರೋಟೀನುಗಳನ್ನು ಲೆಪ್ಟಿನ್ ತಗ್ಗಿಸಬಲ್ಲದೆಂದು ಪ್ರಯೋಗಾಲಯದ ಇಲಿಗಳಲ್ಲಿ ಕಂಡಿದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನವು 2009ರಲ್ಲಿ, ಮರೆವಿನ ಕಾಯಿಲೆ ಇಲ್ಲದ 785 ವೃದ್ಧರ ರಕ್ತಪರೀಕ್ಷೆಯನ್ನು ಆಧರಿಸಿ ಫಲಿತಾಂಶ ಪ್ರಕಟಿಸಿತು: ಲೆಪ್ಟಿನ್ ಅತ್ಯಂತ ಕಡಿಮೆಯಿದ್ದ ಕಾಲುಭಾಗದವರಲ್ಲಿ 12 ವರ್ಷಗಳಲ್ಲಿ ಅಲ್ಝೈಮರ್ ಬರುವ ಸಂಭವ 25 ಶೇಕಡಾ, ಅತಿ ಹೆಚ್ಚಿದ್ದವರಲ್ಲಿ 6 ಶೇಕಡಾ.

ಈ ಅಂಕಿಗಳನ್ನು ನೋಡಿದರೆ ಯಾರಿಗಾದರೂ ತುಪ್ಪದ ಡಬ್ಬಿ ನೆನಪಾಗುವುದು ಸಹಜ. ಆದರೆ ಕಾಯಿಲೆ ಬಯಲಾಗುವ ಎಷ್ಟೋ ವರ್ಷ ಮೊದಲೇ ಅನೇಕರ ತೂಕ ಇಳಿಯತೊಡಗುತ್ತದೆ. ತೂಕ ಇಳಿದಂತೆ ಕೊಬ್ಬು ಕರಗಿ, ಲೆಪ್ಟಿನ್ನೂ ಇಳಿಯುತ್ತದೆ. ಆದ್ದರಿಂದ ಕಡಿಮೆ ಲೆಪ್ಟಿನ್ ಕಾಯಿಲೆಗೆ ಕಾರಣವಾಗಿರಬಹುದು, ಇಲ್ಲವೇ ಅದರ ಮುನ್ಸೂಚನೆಯಷ್ಟೇ ಆಗಿರಬಹುದು, ಮತ್ತು ನಿಮ್ಮ ಅವ್ವನ ಮೂರು ವರ್ಷಗಳ ಇಳಿತವನ್ನು ನಾನು ಈ ಎರಡನೆಯ ಬಗೆಯಲ್ಲಿ ಓದುತ್ತೇನೆ. ಕೊಬ್ಬಿನದೇ ಇನ್ನೊಂದು ಹಾರ್ಮೋನು ಅಡಿಪೊನೆಕ್ಟಿನ್. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಲು ನೆರವಾಗುವ ಇದು ಮಿದುಳಿಗೂ ಒಳ್ಳೆಯದನ್ನೇ ಮಾಡೀತೆಂಬ ನಿರೀಕ್ಷೆಯಿತ್ತು. ಆದರೆ ಅದೇ ಫ್ರೇಮಿಂಗ್‌ಹ್ಯಾಮ್ ಊರಿನವರ ಮೇಲೆ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಹೆಚ್ಚಿದ್ದ ಮಹಿಳೆಯರಿಗೇ ಅಲ್ಝೈಮರ್ ಅಪಾಯ ಹೆಚ್ಚೆಂದು ಕಂಡಿತು. ಹೀಗಿರುವಾಗ ರಕ್ತದಲ್ಲಿನ ಒಂದು ಹಾರ್ಮೋನಿನ ಮಟ್ಟವನ್ನು ನಂಬಿ ಅಡುಗೆ ಬದಲಿಸುವುದನ್ನು ನಾನು ಒಪ್ಪಲಾರೆ.

ಪತ್ರದ ಕೊನೆಯ ಸಾಲನ್ನು ನೀವು ಸುಮ್ಮನೆ ಸೇರಿಸಿದಂತಿದೆ. ನನ್ನ ಕಣ್ಣು ಅಲ್ಲೇ ನಿಂತಿತು. ನಡುವಯಸ್ಸಿನ ಬೊಜ್ಜು ಮುಂದೆ ಮರೆವಿನ ಕಾಯಿಲೆಯ ಅಪಾಯವನ್ನು ಹೆಚ್ಚಿಸುತ್ತದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿಮಾಡಿದ 14 ಅಪಾಯಾಂಶಗಳಲ್ಲಿ ಅದೂ ಒಂದು. ಹೊಟ್ಟೆಯ ಒಳಗೆ ಕೂಡುವ ಕೊಬ್ಬು ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ. ಬೊಜ್ಜಿದ್ದವರಲ್ಲಿ ಲೆಪ್ಟಿನ್ ಧಾರಾಳವಾಗಿದ್ದರೂ ಮಿದುಳು ಅದರ ಮಾತು ಕೇಳುವುದನ್ನು ಬಿಟ್ಟಿರುತ್ತದೆ. ನಮ್ಮ ದೇಶದ ಮಹಿಳೆಯರಿಗೆ ಸೊಂಟದ ಸುತ್ತಳತೆಯ ಮಿತಿ 80 ಸೆಂ.ಮೀ. ತೋಟದ ಏರುದಾರಿಯಲ್ಲಿ ದಿನವೂ ನಡೆಯುತ್ತಿದ್ದ ಕಾಲುಗಳು ಈಗ ಜೀಪಿನಲ್ಲೇ ಕುಳಿತಿದ್ದರೆ ಮತ್ತೆ ಇಳಿಸಿ; ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಈ ತಿಂಗಳೇ ನೋಡಿಸಿ. ಅವ್ವನನ್ನು ನೋಡಿಕೊಳ್ಳುವವರು ತಮ್ಮನ್ನು ಮರೆಯುವುದನ್ನು ನಮ್ಮ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಅವ್ವನಿಗೆ ಈಗ ಬೇಕಾದದ್ದು ತೂಕ ಇನ್ನಷ್ಟು ಇಳಿಯದಂತೆ ತಡೆಯುವುದು. ಉಣ್ಣುವುದನ್ನೇ ಮರೆಯುತ್ತಾರೆಯೇ, ಹಲ್ಲುಸೆಟ್ಟು ಸಡಿಲವಾಗಿದೆಯೇ, ವಾಸನೆ ತಿಳಿಯದೆ ಊಟ ರುಚಿಸುತ್ತಿಲ್ಲವೇ, ಗಮನಿಸಿ. ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಆಗಿರದಿದ್ದರೆ ವೈದ್ಯರನ್ನು ಕೇಳಿ. ಅವರಿಗೆ ಪಂದಿಕರಿ ಇಷ್ಟವಿದ್ದರೆ ಮೆತ್ತಗೆ ಬೇಯಿಸಿದ ಎರಡು ತುಂಡು ಕೊಡಿ, ರುಚಿಗಾಗಿ ಕೊಡಿ. ನೂಪುಟ್ಟು, ಮೊಟ್ಟೆ, ಹಾಲು, ಬಾಳೆಹಣ್ಣು, ಹೀಗೆ ಸ್ವಲ್ಪಸ್ವಲ್ಪವೇ ದಿನಕ್ಕೆ ಐದು ಸಲ, ಯಾರಾದರೂ ಜೊತೆಯಲ್ಲಿ ಕುಳಿತು ಉಣ್ಣಿಸುವುದಾದರೆ ಇನ್ನೂ ಒಳ್ಳೆಯದು. ತಿಂಗಳಿಗೊಮ್ಮೆ ಅದೇ ಕಾಫಿ ತಕ್ಕಡಿಯ ಮೇಲೆ ನಿಲ್ಲಿಸಿ, ತಾರೀಕಿನೊಂದಿಗೆ ಬರೆದಿಟ್ಟು, ಆ ಚೀಟಿಯನ್ನು ವೈದ್ಯರಿಗೆ ತೋರಿಸಿ.