ಗಿಟಾರಿನ ಪಕ್ಕದ ಮರದ ಪಟ್ಟಿ ಬಗ್ಗಿಸುವ, ಕರೆಂಟಿನಲ್ಲಿ ಕಾಯುವ ಪೈಪನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?

ಸೋಮವಾರಪೇಟೆ ಕಡೆಯವರು, ಗಿಟಾರ್ ಮಾಡಬೇಕೆಂಬ ಆಸೆ, ಪಕ್ಕದ ಪಟ್ಟಿ ಬಗ್ಗಿಸುವ ಪೈಪನ್ನು ಹೊರದೇಶದಿಂದ ತರಿಸಿದರೆ ತುಂಬಾ ದುಬಾರಿ, ಎರಡಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನೊಳಗೆ ನೀರು ಕಾಯಿಸುವ ಹೀಟರ್ ರಾಡ್ ಇಳಿಸಿದರೆ ಸಾಲದೇ ಎಂದು ಕೇಳಿದ್ದೀರಿ.

ದಯವಿಟ್ಟು ಅದೊಂದನ್ನು ಮಾಡಬೇಡಿ. ಆ ರಾಡ್ ನೀರಲ್ಲಿ ಮುಳುಗಿದ್ದರೆ ಮಾತ್ರ ಬಾಳುತ್ತದೆ. ಹುಟ್ಟಿದ ಬಿಸಿಯನ್ನೆಲ್ಲ ನೀರು ಎಳೆದುಕೊಳ್ಳುತ್ತದೆ ಎಂಬ ಲೆಕ್ಕದಲ್ಲೇ ಅದನ್ನು ಮಾಡಿರುತ್ತಾರೆ. ಒಣಗಾಳಿಯಲ್ಲಿ ಕರೆಂಟ್ ಕೊಟ್ಟರೆ ಕೆಲವೇ ನಿಮಿಷದಲ್ಲಿ ಕೆಂಪಾಗಿ ಹೊರಗಿನ ಕೊಳವೆ ಬಿರುಕು ಬಿಡುತ್ತದೆ. ಆಮೇಲೆ ಕರೆಂಟ್ ನೇರವಾಗಿ ಪೈಪಿಗೆ. ನಿಮ್ಮ ಕೈಯಲ್ಲಿರುವುದು ಒದ್ದೆ ಮರ.

ನಾನು ಸುಂಟಿಕೊಪ್ಪದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೋಟಾರ್, ಸ್ಪ್ರಿಂಕ್ಲರ್ ಪಂಪು ಹೊಟ್ಟೆಪಾಡು, ಗಿಟಾರ್ ರಾತ್ರಿಯ ಕೆಲಸ. ಇಲ್ಲಿವರೆಗೆ ನಾಲ್ಕು ಮಾಡಿದ್ದೇನೆ. ಮೊದಲನೆಯದಕ್ಕೆ ನಾನೂ ಜಿಐ ಪೈಪನ್ನೇ ಹಿಡಿದೆ. ಹಳೇ ಕಾಯಿಲ್ ಒಲೆಯ ಸುರುಳಿಯನ್ನು ಪಿಂಗಾಣಿ ಮಣಿಗಳಲ್ಲಿ ಪೋಣಿಸಿ ಒಳಗಿಟ್ಟೆ. ಬಿಸಿಯೇನೋ ಬಂತು. ಆದರೆ ಪೈಪಿನ ಮೇಲ್ಭಾಗ ಕಾದು ಕೆಂಡ, ಅಡಿಭಾಗ ಬೆಚ್ಚಗೆ. ತಿಂಗಳುಗಟ್ಟಲೆ ಕಾದು ತಂದಿದ್ದ ಬೀಟೆ ಪಟ್ಟಿಯ ಮೇಲೆ ಬೆರಳಗಲದ ಸುಟ್ಟ ಗೆರೆ ಬಿತ್ತು. ಅದರ ಪಕ್ಕದಲ್ಲೇ ಶಾಯಿ ಚೆಲ್ಲಿದಂಥ ಕಪ್ಪು ಕಲೆ. ಸತು ಎದ್ದು ಹೋದ ಕಡೆ ಒದ್ದೆ ಮರದ ಒಗರು ಕಬ್ಬಿಣಕ್ಕೆ ತಾಗಿದರೆ ಹಾಗಾಗುತ್ತದೆ. ಎಷ್ಟು ಉಜ್ಜಿದರೂ ಹೋಗಲಿಲ್ಲ.

ಆಗ ತಿಳಿದದ್ದು ಇಷ್ಟು: ಪೈಪನ್ನು ಕಾಯಿಸುವುದಕ್ಕೆ ಯಾರಿಂದಲೂ ಆಗುತ್ತದೆ, ಸುತ್ತಲೂ ಒಂದೇ ಬಿಸಿಯಲ್ಲಿ ನಿಲ್ಲಿಸುವುದೇ ಕಷ್ಟ. ತೆಳು ತಗಡಿನ ಪೈಪಿಗೆ ಒದ್ದೆ ಪಟ್ಟಿ ತಾಗಿದ ಕೂಡಲೇ ಅಲ್ಲಿ ತಣ್ಣಗಾಗುತ್ತದೆ, ಎತ್ತಿದರೆ ಮತ್ತೆ ಸುಡುತ್ತದೆ. ದೋಸೆಗೆ ದಪ್ಪ ಕಾವಲಿ ಬೇಕೆನ್ನುವುದು ಇದಕ್ಕೇ ಅಲ್ಲವೇ?

ಹಾಗಾಗಿ ಟೊಳ್ಳು ಪೈಪಿನ ಆಸೆ ಬಿಟ್ಟೆ. ಈಗ ನನ್ನ ಹತ್ತಿರ ಇರುವುದು 60 ಮಿ.ಮೀ. ದಪ್ಪ, 15 ಸೆಂ.ಮೀ. ಉದ್ದದ ಗಟ್ಟಿ ಅಲ್ಯೂಮಿನಿಯಂ ರಾಡು. ಗುಜರಿಯಲ್ಲಿ ಸಿಕ್ಕಿದ್ದು, ಒಂದು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಲೇತಿನಲ್ಲಿ ನಡುಮಧ್ಯ ತೂತು ಕೊರೆಸಿ 300 ವಾಟಿನ ಕಾರ್ಟ್ರಿಜ್ ಹೀಟರ್ ಕೂರಿಸಿದ್ದೇನೆ. ಪ್ಯಾಕಿಂಗ್ ಮೆಷಿನ್‌ಗಳಲ್ಲಿ ಬಾಯಿ ಅಂಟಿಸುವ ದವಡೆಯೊಳಗೆ ಇರುತ್ತದಲ್ಲ, ಅದೇ. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಹುಡುಕಿ. ಹೀಟರನ್ನು ಮೊದಲು ಕೊಂಡು, ಅದನ್ನು ಅಳೆದು, ಆಮೇಲೆ ತೂತು ಕೊರೆಸಿ. ಕೈಯಲ್ಲಿ ಒತ್ತಿದರೆ ಬಿಗಿಯಾಗಿ ಜಾರಬೇಕು. ಸಡಿಲವಾದರೆ ನಡುವೆ ಗಾಳಿ ನಿಂತು, ಬಿಸಿ ರಾಡಿಗೆ ಹೋಗದೆ ಹೀಟರ್ ಒಳಗೊಳಗೇ ಸುಟ್ಟುಹೋಗುತ್ತದೆ. ಪಕ್ಕದಲ್ಲಿ ಇನ್ನೊಂದು ಸಣ್ಣ ತೂತು ಬಿಸಿ ಅಳೆಯುವ ಕೆ ಟೈಪ್ ಥರ್ಮೋಕಪಲ್‌ಗೆ. ಅದನ್ನು ಹೊರಮೈಗೆ ಆದಷ್ಟು ಹತ್ತಿರ ಕೊರೆಸಿ. ನಮಗೆ ಬೇಕಾದದ್ದು ಮರ ತಾಗುವ ಜಾಗದ ಬಿಸಿ.

ರಾಡನ್ನು ನೇರವಾಗಿ ಹಲಗೆಗೆ ಬಿಗಿದರೆ ಹಲಗೆ ಕರಕಲಾಗುತ್ತದೆ. ಉದ್ದನೆಯ ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ಹಲಗೆಗೂ ರಾಡಿಗೂ ನಡುವೆ ಎರಡಿಂಚು ಜಾಗ ಬಿಡಿ. ಅಲ್ಯೂಮಿನಿಯಂಗೆ ಹೋಲಿಸಿದರೆ ಸ್ಟೇನ್‌ಲೆಸ್ ಹತ್ತನೇ ಒಂದು ಪಾಲು ಬಿಸಿಯನ್ನೂ ಸಾಗಿಸುವುದಿಲ್ಲ.

ಬಿಸಿ ಹಿಡಿದಿಡಲು, ಅಳತೆ ನೋಡಿ ಹೀಟರನ್ನು ತಾನೇ ಹಚ್ಚಿ ಆರಿಸುವ ಪಿಐಡಿ ಕಂಟ್ರೋಲರ್, ಜೊತೆಗೆ ಅದು ಹೇಳಿದಂತೆ ಕರೆಂಟ್ ಬಿಡುವ, ತಡೆಯುವ ಎಲೆಕ್ಟ್ರಾನಿಕ್ ಸ್ವಿಚ್ಚು, ಅಂದರೆ ಒಂದು ಎಸ್‌ಎಸ್‌ಆರ್ ಸಾಕು. ಫ್ಯಾನ್ ರೆಗ್ಯುಲೇಟರ್ ಹಾಕಬೇಡಿ, ಅದು 300 ವಾಟ್ ತಡೆಯುವುದಿಲ್ಲ. ಎಸ್‌ಎಸ್‌ಆರ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಹೀಟರ್ ಆರುವುದೇ ಇಲ್ಲ. ಅದಕ್ಕೇ ಹೀಟರಿಗೆ ಹೋಗುವ ಲೈನಿನಲ್ಲೇ 240 ಡಿಗ್ರಿಗೆ ಕಡಿಯುವ ಥರ್ಮಲ್ ಫ್ಯೂಸನ್ನು ರಾಡಿಗೆ ಒತ್ತಿ ಕೂರಿಸಿ. ಕೆಲವೇ ರೂಪಾಯಿಯ ವಸ್ತು.

ಇನ್ನು ಅರ್ಥಿಂಗ್. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ರಾಡಿಗೇ ತೂತು ಕೊರೆದು, ಮರೆ (ಥ್ರೆಡ್) ಹಾಕಿ, ಲಗ್ ಮತ್ತು ಸ್ಟಾರ್ ವಾಷರ್ ಇಟ್ಟು ಹಸಿರು ವಯರ್ ಬಿಗಿಯಿರಿ. ಬೆಸುಗೆ ಬೇಡ, ಬಿಸಿಗೆ ಕರಗಿ ಬಿಡುತ್ತದೆ. ರಾಡಿನ ಹತ್ತಿರ ಮಾಮೂಲಿ ಪಿವಿಸಿ ವಯರ್ ಬೇಡ, ಫೈಬರ್‌ಗ್ಲಾಸ್ ಸ್ಲೀವ್ ಇರುವುದನ್ನು ಹಾಕಿ, ಜೋಡಣೆಗೆ ಪಿಂಗಾಣಿ ಕನೆಕ್ಟರ್. ಲೈನಿನಲ್ಲಿ, ಕರೆಂಟ್ ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ತೋಟದ ಮನೆಗಳಲ್ಲಿ ಅರ್ಥ್ ಗುಂಡಿ ತೋಡಿ ಇಪ್ಪತ್ತು ವರ್ಷವಾಗಿರುತ್ತದೆ, ಕಾಫಿ ಹೂವರಳಿಸುವ ಹೂಮಳೆಗೆ ಮೊದಲು ನೆಲ ಒಣಗಿ ಬಿರಿದಾಗ ಅದು ಹೆಸರಿಗಷ್ಟೇ ಅರ್ಥ್. ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ನಮ್ಮ ಮಳೆಗಾಲಕ್ಕೇ ಸೇರಿದ ಒಂದು ತೊಂದರೆ ಹೇಳಬೇಕು. ಹೀಟರ್ ಒಳಗಿನ ಬಿಳಿ ಪುಡಿ ಮೆಗ್ನೀಷಿಯಂ ಆಕ್ಸೈಡ್, ಅದು ಗಾಳಿಯ ತೇವ ಹೀರುತ್ತದೆ. ಜೂನ್‌ನಿಂದ ಮುಟ್ಟದೆ ಇಟ್ಟು ಆಗಸ್ಟ್‌ನಲ್ಲಿ ಸ್ವಿಚ್ ಒತ್ತಿದಿರೋ, ಟಪ್ ಎಂದು ಆರ್‌ಸಿಸಿಬಿ ಬೀಳುತ್ತದೆ. ಹೀಟರ್ ಹಾಳಾಯಿತೆಂದು ಎಸೆಯಬೇಡಿ, ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ಲೈನೂ ಕೊಡಬೇಡಿ. ನಾನು 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿದು ನೋಡುತ್ತೇನೆ. ಒಂದು ಮೆಗಾಓಮ್‌ಗಿಂತ ಕೆಳಗಿದ್ದರೆ, ನೀರು ಕುಡಿದ ಮೋಟಾರನ್ನು ಒಣಗಿಸುವ ಹಾಗೆ, 100 ವಾಟಿನ ಬಲ್ಬ್ ಉರಿಯುವ ಡಬ್ಬಿಯಲ್ಲಿ ಒಂದು ರಾತ್ರಿ ಇಡುತ್ತೇನೆ. ಬೆಳಿಗ್ಗೆ ಮುಳ್ಳು ಮೇಲೇರಿರುತ್ತದೆ.

ವೋಲ್ಟೇಜ್ ವಿಷಯ ನಿಮಗೂ ಗೊತ್ತು. 230 ಇರಬೇಕಾದಲ್ಲಿ 180 ಬಂದರೆ ನಿಮ್ಮ 300 ವಾಟಿನ ಹೀಟರ್ ಕೊಡುವುದು 185ರ ಆಸುಪಾಸು. ಹತ್ತು ಹನ್ನೆರಡು ನಿಮಿಷಕ್ಕೆ ಕಾಯುವ ರಾಡು ಇಪ್ಪತ್ತು ನಿಮಿಷ ಹಿಡಿಯಬಹುದು. ಕಾದ ಮೇಲೆ ದಪ್ಪ ರಾಡಿನ ಗುಣ ತಿಳಿಯುತ್ತದೆ: ನಡುವೆ ಕರೆಂಟ್ ಹೋದರೂ ಕೈಲಿರುವ ಬಾಗು ಮುಗಿಸುವಷ್ಟು ಬಿಸಿ ಉಳಿದಿರುತ್ತದೆ.

ಬಗ್ಗಿಸುವಾಗ 160 ಡಿಗ್ರಿಯಿಂದ ಶುರು ಮಾಡಿ, ಬೀಟೆಗೆ 180ರವರೆಗೆ ಹೋಗಬಹುದು. ನೀರು ಚಿಮುಕಿಸಿದರೆ ಚುರ್ ಎಂದು ಆರಬೇಕು. ಹನಿ ಗೋಲಿಯಾಗಿ ಉರುಳಾಡಿದರೆ ಬಿಸಿ 200ರ ಹತ್ತಿರ ಹೋಗಿದೆ, ಸ್ವಲ್ಪ ತಾಳಿ. ಪಟ್ಟಿ ಎರಡು ಮಿ.ಮೀ. ದಪ್ಪಕ್ಕೆ ಬಂದಿರಲಿ, ಕಾಲು ಗಂಟೆ ನೆನೆದರೆ ಸಾಕು. ಸೊಂಟದ ಬಾಗಿನಿಂದ ಶುರು ಮಾಡಿ. ಬೆನ್ನಿಗೆ ತೆಳು ಸ್ಟೀಲ್ ಪಟ್ಟಿ ಒತ್ತಿ ಹಿಡಿದರೆ ಹೊರಮೈ ಸಿಗಿಯುವುದಿಲ್ಲ. ರಾಡಿನ ಮೇಲೆ ಮೆಲ್ಲಗೆ ತೂಗುತ್ತಾ ಇರಿ, ಬಲ ಹಾಕಬೇಡಿ. ಮೊದಲು ಮರ ಎದುರು ನಿಲ್ಲುತ್ತದೆ. ಬೀಟೆಯ ಸಿಹಿ ವಾಸನೆ ಏಳುತ್ತದೆ, ಹಬೆ ಬರುತ್ತದೆ. ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ಅಂಗೈ ಕೆಳಗೆ ಮರ ಹಠ ಬಿಟ್ಟ ಹಾಗೆ ಮೆತ್ತಗಾಗುತ್ತದೆ. ಮರದ ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಮೆದುವಾಗುವ ಹೊತ್ತು ಅದು. ಅಂಗಳದಲ್ಲಿ ಬಿದಿರನ್ನು ಬೆಂಕಿಗೆ ಹಿಡಿದು ಬಗ್ಗಿಸುವವರನ್ನು ನೋಡಿದ್ದರೆ ಆ ತಾಳ್ಮೆ ನಿಮಗೆ ಹೊಸದಲ್ಲ. ಬಾಗಿದ ಮೇಲೆ ಆರುವವರೆಗೆ ಕೈ ಬಿಡಬೇಡಿ, ಆಮೇಲೆ ಅಚ್ಚಿನಲ್ಲಿ ಬಿಗಿದಿಡಿ. ಜುಲೈ ತಿಂಗಳ ಥಂಡಿಯಲ್ಲಿ ಹೊರಗೆ ಬಿಟ್ಟರೆ ಬಾಗು ವಾಪಸ್ ಬಿಚ್ಚಿಕೊಳ್ಳುತ್ತದೆ.

ಮೊದಲ ಗಿಟಾರಿಗೆ ಬೀಟೆ ಬೇಡ. ನಿಮ್ಮ ತೋಟದಲ್ಲೇ ನಿಂತಿದ್ದರೂ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಇಲಾಖೆಯ ಡಿಪೋ ಹರಾಜಿನ ಮಾಲು ಕಡಿಮೆ ಬೆಲೆಗೂ ಸಿಗುವುದಿಲ್ಲ. ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ನಿಮ್ಮಲ್ಲಿ ಇದ್ದೇ ಇರುತ್ತದೆ, ಅದಕ್ಕೆ ಆ ತೊಡಕಿಲ್ಲ. ತಿರುಳಿನಿಂದ ತೊಗಟೆಯತ್ತ ಸರಿಯಾಗಿ ಸೀಳಿಸಿದರೆ ಹಲಗೆಯ ಮೈಮೇಲೆ ಬೆಳ್ಳಿ ಚುಕ್ಕೆಗಳ ಜಾಲರಿ ಏಳುತ್ತದೆ. ನನ್ನ ಎರಡನೇ ಗಿಟಾರಿನ ಪಕ್ಕಗಳು ಅದರದ್ದೇ. ಹತ್ತು ತುಂಡು ಮುರಿದರೂ ಮನಸ್ಸು ನೋಯದಂಥ ಮರದಲ್ಲಿ ಕೈ ಪಳಗಲಿ. ರಾಡು ಸಿಕ್ಕಿ ಲೇತಿಗೆ ಕೊಡುವ ಮೊದಲು ನಿಮ್ಮ ಹೀಟರಿನ ಅಳತೆ ಇಲ್ಲಿ ಹಾಕಿ, ತೂತಿನ ಅಳತೆ ನಾನು ಲೆಕ್ಕ ಹಾಕಿ ಕೊಡುತ್ತೇನೆ.