ಮನಿ ಪ್ಲಾಂಟ್ ಎಲೆ ಸಣ್ಣದಾಗುತ್ತಾ ಹೋಗುತ್ತಿದೆ, ನೀರಿಗೆ ಹಾಕಿದ ತುಂಡೂ ಚಿಗುರುತ್ತಿಲ್ಲ. ಏನು ಮಾಡಲಿ?

ಕಾರವಾರದ ಫ್ಲಾಟಿನ ಬಾಲ್ಕನಿಯಲ್ಲಿ ಕುಂಡ ತೂಗುಹಾಕಿದ್ದೀರಿ, ಬಳ್ಳಿ ಆಳುದ್ದ ಇಳಿದಿದೆ, ಎಲೆ ಮಾತ್ರ ಸಣ್ಣದಾಗುತ್ತಿದೆ, ಮಳೆ ಶುರುವಾದ ಮೇಲೆ ಹಳದಿಯೂ ಆಗುತ್ತಿದೆ. ಇಷ್ಟು ತಾನೆ? ನಾನು ಶಿರಸಿ ಕಡೆಯವನು, ಅಡಿಕೆ ತೋಟದ ಮನೆ. ಮನಿ ಪ್ಲಾಂಟ್ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಮೆಣಸಿನ ಬಳ್ಳಿಯಿಂದಲೇ ಕಲಿತದ್ದು.

ಮೊದಲು ತುಂಡಿನ ವಿಷಯ. ನೀವು ಚಂದದ ಎಲೆ ನೋಡಿ ತೊಟ್ಟು ಸಮೇತ ಕಿತ್ತು ನೀರಿಗೆ ಇಟ್ಟಿರಬೇಕು. ನಾನೂ ಹಾಗೇ ಮಾಡಿದ್ದೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಎಲೆ ತಿಂಗಳುಗಟ್ಟಲೆ ಹಸಿರಾಗಿಯೇ ಇತ್ತು, ನಾನು ದಿನಾ ಬೆಳಿಗ್ಗೆ ಇಣುಕಿ ನೋಡುವುದೇ ಬಂತು. ಕೊನೆಗೆ ಆಯಿ ನೋಡಿ ನಕ್ಕು, "ಗೆಣ್ಣಿಲ್ದೇ ಬಳ್ಳಿ ಎಲ್ಲಿಂದ ಬತ್ತು ತಮಾ?" ಅಂದಳು. ವಿಷಯ ಅಷ್ಟೇ. ಎಲೆ ಬಳ್ಳಿಗೆ ಕೂಡುವ ಜಾಗದಲ್ಲಿ ಗೆಣ್ಣು ಇರುತ್ತದೆ, ಪಕ್ಕದಲ್ಲೇ ಕಂದು ಬಣ್ಣದ ಸಣ್ಣ ಮೊಟಕು ಬೇರು ಕಾಣುತ್ತದೆ. ಬೇರು, ಚಿಗುರು ಎರಡೂ ಹೊರಡುವುದು ಅಲ್ಲಿಂದಲೇ. ಮೆಣಸಿಗೂ ಇದೇ ಲೆಕ್ಕ, ಬುಡದಿಂದ ಹೊರಟ ಹಬ್ಬು ಬಳ್ಳಿಯನ್ನು ಎರಡು ಮೂರು ಗೆಣ್ಣಿಗೆ ಒಂದರಂತೆ ತುಂಡು ಮಾಡಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬೇರು ಬರಿಸಿ, ಜೂನ್ ಮಳೆ ಹಿಡಿದ ಮೇಲೆ ಮರದ ಬುಡಕ್ಕೆ ನೆಡುತ್ತೇವೆ.

ನೀವು ಎರಡು ಗೆಣ್ಣು ಇರುವ ಹಾಗೆ ಕತ್ತರಿಸಿ, ಕೆಳಗಿನ ಗೆಣ್ಣಿಗಿಂತ ಅರ್ಧ ಇಂಚು ಕೆಳಗೆ. ಕೆಳಗಿನ ಎಲೆ ತೆಗೆಯಿರಿ, ನೀರಲ್ಲಿ ಮುಳುಗಿದರೆ ಕೊಳೆಯುವುದೇ ಅದು. ವಾರಕ್ಕೊಮ್ಮೆ ನೀರು ಬದಲಿಸಿದರೆ ಸಾಕು. ಎರಡು ಮೂರು ವಾರದಲ್ಲಿ ಬೇರು ಬರುತ್ತದೆ, ಎರಡು ಇಂಚು ಆದ ಕೂಡಲೇ ಮಣ್ಣಿಗೆ ಹಾಕಿ. ನಿಜ ಹೇಳಬೇಕೆಂದರೆ ಮಳೆಗಾಲದಲ್ಲಿ ನೀರಿನ ಬಾಟಲಿಯೇ ಬೇಡ, ನೇರ ಮಣ್ಣಿಗೆ ಚುಚ್ಚಿದರೂ ಬದುಕುತ್ತದೆ.

ಇನ್ನು ಎಲೆ ಸಣ್ಣ ಆಗುವುದು. ಇದು ರೋಗವಲ್ಲ, ಗೊಬ್ಬರ ಸುರಿಯಬೇಡಿ. ಈ ಬಳ್ಳಿಯ ಮೂಲ ಊರು ಪೆಸಿಫಿಕ್ ಸಾಗರದ ಮೊರೇಆ ಎಂಬ ದ್ವೀಪ, ಕಾಡಿನಲ್ಲಿ ಮರ ಹತ್ತುವ ಜಾತಿ. ಹತ್ತಲು ಆಸರೆ ಸಿಕ್ಕರೆ ಎಲೆ ದೊಡ್ಡದಾಗುತ್ತದೆ, ಕೆಳಗೆ ಜೋತುಬಿದ್ದರೆ ಸಣ್ಣದಾಗುತ್ತದೆ. ನಮ್ಮ ಮನೆ ಹಿಂದೆ ಯಾರೋ ಎಸೆದ ತುಂಡೊಂದು ಹಲಸಿನ ಮರ ಹತ್ತಿದೆ, ಅದರ ಎಲೆ ಈಗ ಊಟದ ಬಾಳೆ ಎಲೆಯ ಕುಡಿಯಷ್ಟು, ಅಂಚೆಲ್ಲ ಸೀಳಿಕೊಂಡಿದೆ. ನೋಡಿದವರು ಮನಿ ಪ್ಲಾಂಟ್ ಅಂದರೆ ನಂಬುವುದಿಲ್ಲ! ನೀವು ಒಂದು ಕೋಲಿಗೆ ತೆಂಗಿನ ನಾರು ಬಿಗಿಯಾಗಿ ಸುತ್ತಿ ಕುಂಡದಲ್ಲಿ ನಿಲ್ಲಿಸಿ, ಗೆಣ್ಣು ನಾರಿಗೆ ತಾಗುವ ಹಾಗೆ ಸಡಿಲವಾಗಿ ಕಟ್ಟಿ, ನಾರನ್ನು ಒದ್ದೆಯಾಗಿಡಿ. ಹೊಸ ಎಲೆಗಳಲ್ಲಿ ವ್ಯತ್ಯಾಸ ಕಾಣುತ್ತದೆ, ಹಳೆಯವು ಬೆಳೆಯುವುದಿಲ್ಲ.

ಹಳದಿಗೆ ಕಾರಣ ಬಹುಶಃ ನೀರು ಜಾಸ್ತಿ ಆಗಿದ್ದು. ಕರಾವಳಿ ಮಳೆಯಲ್ಲಿ ಗಾಳಿಯೇ ಒದ್ದೆ, ಮಣ್ಣು ಒಣಗುವುದೇ ಇಲ್ಲ, ಆದರೂ ನಾವು ಅಭ್ಯಾಸಬಲದಿಂದ ದಿನಾ ಚೆಂಬು ಎತ್ತುತ್ತೇವೆ, ಅಲ್ವಾ? ಬೆರಳು ಚುಚ್ಚಿ ನೋಡಿ, ಒಂದೂವರೆ ಇಂಚು ಒಣಗಿದ್ದರೆ ಮಾತ್ರ ನೀರು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಬಾಲ್ಕನಿ ಸಮುದ್ರಕ್ಕೆ ಮುಖ ಮಾಡಿದ್ದರೆ ಕುಂಡವನ್ನು ಸ್ವಲ್ಪ ಒಳಗೆ ಸರಿಸಿ, ಉಪ್ಪುಗಾಳಿಗೆ ಎಲೆಯ ಅಂಚು ಸುಡುತ್ತದೆ.

ಬೆಕ್ಕೋ ಸಣ್ಣ ಮಕ್ಕಳೋ ಇದ್ದರೆ ಎಟುಕದ ಹಾಗೆ ಇಡಿ. ಇದು ಕೆಸುವಿನ ಕುಟುಂಬದ ಗಿಡ, ಹಸಿ ಕೆಸುವಿನ ಹಾಗೇ ಬಾಯಿ, ಗಂಟಲು ತುರಿಸುತ್ತದೆ. ಕೆಸುವಿನ ಎಲೆಯ ಪತ್ರೊಡೆಗೆ ಹುಣಸೆಹುಳಿ ಯಾಕೆ ಹಾಕುತ್ತಾರೆ ಅಂತ ನಿಮಗೆ ಹೇಳಬೇಕಿಲ್ಲ.

ಕದ್ದು ತಂದ ಬಳ್ಳಿಗೇ ದುಡ್ಡು ಬರುತ್ತದೆ ಅನ್ನುತ್ತಾರೆ, ನಮ್ಮ ಹಲಸಿನ ಮರದ್ದು ಇನ್ನೂ ಒಂದು ಪೈಸೆ ಕೊಟ್ಟಿಲ್ಲ. ನಿಮ್ಮಲ್ಲಿ ಇಳಿಬಿದ್ದ ಬಳ್ಳಿಯನ್ನಂತೂ ಬಿಸಾಡಬೇಡಿ. ಕತ್ತರಿಸಿದರೆ ಏಳೆಂಟು ತುಂಡು ಆಗುತ್ತದೆ, ಎಲ್ಲವನ್ನೂ ಅದೇ ಕುಂಡದ ಸುತ್ತ ಚುಚ್ಚಿಬಿಡಿ, ಬೋಳು ಬುಡವೂ ತುಂಬಿಕೊಳ್ಳುತ್ತದೆ.